ದೊಡ್ಡ ವೆಬ್ ಆ್ಯಪ್‌ಗೆ ಕ್ರೋಮ್ ಡೆವ್‌ಟೂಲ್ಸ್: ಮೆಮೊರಿ ಪ್ಯಾನೆಲ್‌ಗೆ ಪೂರ್ತಿ ಮಾರ್ಕ್ಸ್

ನಾಲ್ಕೈದು ಟೀಮ್‌ನೋರು ಸೇರಿ ಬರೆಯೋ, ಬಿಲ್ಡ್ ಆಗೋಕೇ ನಿಮಿಷಗಟ್ಲೆ ತಗೊಳ್ಳೋ ರಿಯಾಕ್ಟ್ ಅಥವಾ ಆಂಗ್ಯುಲರ್ ಆ್ಯಪ್ ಮುಂದೆ ದಿನಾ ಕೂರೋರಿಗೆ ಈ ರಿವ್ಯೂ. ಸಣ್ಣ ಪ್ರಾಜೆಕ್ಟ್ ಆದ್ರೆ ಎರಡು ಕನ್ಸೋಲ್ ಲಾಗ್ ಹಾಕಿದ್ರೆ ಮುಗೀತು, ಯಾವ ಟೂಲ್ ಆದ್ರೂ ನಡಿಯುತ್ತೆ. ದೊಡ್ಡ ಆ್ಯಪ್‌ನಲ್ಲಿ ತಲೆ ತಿನ್ನೋದು "ಇದನ್ನ ಯಾರು ಮಾಡಿದ್ರು" ಅನ್ನೋ ಪ್ರಶ್ನೆ: ಈ ಕ್ಲಾಸ್ ಯಾರು ತೆಗೆದ್ರು, ಒಂದೇ ರಿಕ್ವೆಸ್ಟ್ ಎರಡೆರಡು ಸಲ ಯಾರು ಕಳಿಸ್ತಿದಾರೆ, ಕ್ಲೋಸ್ ಮಾಡಿದ ಪಾಪಪ್‌ನ ಇನ್ನೂ ಯಾರು ಹಿಡ್ಕೊಂಡಿದಾರೆ. ಇದಕ್ಕೆ ಉತ್ತರ ಸಿಗುತ್ತಾ ಇಲ್ವಾ ಅಂತ ನೋಡಿನೇ ನಾನು ಟೂಲ್ ಅಳೆಯೋದು, ಆ ಲೆಕ್ಕದಲ್ಲಿ ಕ್ರೋಮ್ ಬ್ರೌಸರ್ ಒಳಗೇ ಬರೋ, ಪೇಜಿನ ತಪ್ಪು ಹುಡುಕೋಕಿರೋ ಡೆವ್‌ಟೂಲ್ಸ್ ಈಗ್ಲೂ ಮುಂದಿದೆ, ದುಡ್ಡೂ ಕೊಡಬೇಕಾಗಿಲ್ಲ.

ಮೊದಲು ಬ್ರೇಕ್‌ಪಾಯಿಂಟ್ (ಓಡ್ತಿರೋ ಕೋಡ್‌ನ ಬೇಕಾದ ಕಡೆ ನಿಲ್ಲಿಸೋ ಗುರುತು) ವಿಷಯ. ಲೈನ್ ನಂಬರ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಲಾಗ್‌ಪಾಯಿಂಟ್ ಅಂತ ಒಂದು ಬರುತ್ತೆ, 2019ರಲ್ಲಿ ಕ್ರೋಮ್ 73ಕ್ಕೆ ಬಂದಿದ್ದು, ಕೋಡ್ ಮುಟ್ಟದೆ, ಮತ್ತೆ ಬಿಲ್ಡ್ ಮಾಡದೆ ಅಲ್ಲೇ ಲಾಗ್ ಹಾಕಬಹುದು, ಆಮೇಲೆ ಕಮಿಟ್‌ನಲ್ಲಿ ಮರ್ತು ಉಳಿಯೋ ಭಯನೂ ಇಲ್ಲ. ಎಲಿಮೆಂಟ್ಸ್ ಪ್ಯಾನೆಲ್‌ನಲ್ಲಿ ಒಂದು ನೋಡ್ ಮೇಲೆ "ಬ್ರೇಕ್ ಆನ್" ಅಂತ ಕೊಟ್ಟು ಅಟ್ರಿಬ್ಯೂಟ್ ಬದಲಾವಣೆ ಆರಿಸಿಕೊಂಡ್ರೆ, ಆ ಕ್ಲಾಸ್ ಕಿತ್ತಾಕಿದ ಸ್ಕ್ರಿಪ್ಟ್ ಯಾವ ಟೀಮ್‌ದೇ ಆಗಿರ್ಲಿ, ಎಕ್ಸಿಕ್ಯೂಷನ್ ನೇರ ಆ ಲೈನಲ್ಲೇ ಹೋಗಿ ನಿಲ್ಲುತ್ತೆ. ಇದರ ಜೊತೆ ಇಗ್ನೋರ್ ಲಿಸ್ಟ್ (ನಮ್ಮದಲ್ಲದ ಕೋಡ್‌ನ ದಾಟಿ ಹೋಗೋಕೆ ಹೇಳೋ ಪಟ್ಟಿ) ಆನ್ ಇರ್ಲೇಬೇಕು. ಇಲ್ಲಾಂದ್ರೆ ಕಾಲ್ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನ ಕರೀತು ಅನ್ನೋ ಪಟ್ಟಿ) ಪೂರ್ತಿ ರಿಯಾಕ್ಟ್, ಆಂಗ್ಯುಲರ್‌ನಂಥ ಫ್ರೇಮ್‌ವರ್ಕ್ ಒಳಗಿನ ಫಂಕ್ಷನ್‌ಗಳೇ ತುಂಬಿಕೊಂಡು ನಿಮ್ಮ ಕೋಡ್ ಎಲ್ಲೋ ಕೆಳಗೆ ಹೂತು ಹೋಗಿರುತ್ತೆ.

ಆದ್ರೆ ನಾನು ನಿಜವಾಗ್ಲೂ ಹೇಳ್ಬೇಕು ಅಂದ್ಕೊಂಡಿದ್ದು ಮೆಮೊರಿ ಪ್ಯಾನೆಲ್ ಬಗ್ಗೆ, ಯಾಕಂದ್ರೆ ಎಷ್ಟೋ ಒಳ್ಳೆ ಡೆವಲಪರ್‌ಗಳೇ ಅದನ್ನ ತೆರೆದು ನೋಡಿರಲ್ಲ. ಬೆಳಿಗ್ಗೆ ಓಪನ್ ಮಾಡಿದ ಟ್ಯಾಬ್‌ನ ಸಂಜೆವರೆಗೂ ಕ್ಲೋಸ್ ಮಾಡದೇ ಇರೋ ಡ್ಯಾಶ್‌ಬೋರ್ಡ್ ಅಂದ್ಕೊಳ್ಳಿ, ಮಧ್ಯಾಹ್ನದ ಹೊತ್ತಿಗೆ ಪೇಜ್ ತೆವಳೋಕೆ ಶುರು ಮಾಡುತ್ತೆ. ಒಂದು ಹೀಪ್ ಸ್ನ್ಯಾಪ್‌ಶಾಟ್ (ಆ ಕ್ಷಣಕ್ಕೆ ಮೆಮೊರಿಲಿ ಏನೇನಿದೆ ಅನ್ನೋದರ ಚಿತ್ರ) ತಗೊಳ್ಳಿ, ಅನುಮಾನ ಇರೋ ಪಾಪಪ್‌ನ ಹತ್ತು ಸಲ ತೆಗೆದು ಮುಚ್ಚಿ, ಇನ್ನೊಂದು ಸ್ನ್ಯಾಪ್‌ಶಾಟ್ ತಗೊಂಡು ಕಂಪ್ಯಾರಿಸನ್ ವ್ಯೂ ನೋಡಿ. ಅಲ್ಲಿ "ಡಿಟ್ಯಾಚ್ಡ್" ಅಂತ ಫಿಲ್ಟರ್ ಮಾಡಿದಾಗ ಸರಿಯಾಗಿ ಹತ್ತು ಡಿವ್ (ಪೇಜಿನ ತುಂಡುಗಳು) ಜಾಸ್ತಿ ಕಂಡ್ರೆ ಕಳ್ಳ ಸಿಕ್ಕಂಗೆ. ಪೇಜಿಂದ ಹೋಗಿದೆ, ಮೆಮೊರಿಯಿಂದ ಹೋಗಿಲ್ಲ. ಒಂದರ ಮೇಲೆ ಕ್ಲಿಕ್ ಮಾಡಿದ್ರೆ ಕೆಳಗೆ ರಿಟೇನರ್ಸ್ ಅಂತ, ಅದನ್ನ ಯಾರ್ಯಾರು ಹಿಡ್ಕೊಂಡಿದಾರೆ ಅನ್ನೋ ಸರಪಳಿ ಕಾಣುತ್ತೆ, ಅದನ್ನ ಬಿಡಿಸ್ತಾ ಹೋದ್ರೆ ಮಾಮೂಲಿಯಾಗಿ ಸಿಗೋದು ವಿಂಡೋ ಮೇಲೆ ಹಾಕಿದ ರಿಸೈಜ್ ಲಿಸನರ್ (ವಿಂಡೋ ಅಳತೆ ಬದಲಾದಾಗ ಓಡೋ ಕೋಡ್), ಕಾಂಪೊನೆಂಟ್ ಹೋದ್ರೂ ಅದನ್ನ ಯಾರೂ ತೆಗೆದಿರಲ್ಲ. ರಿಟೇನ್ಡ್ ಸೈಜ್ ಕಾಲಮ್ ನೋಡೋದು ಬಿಡ್ಬೇಡಿ, ಆಬ್ಜೆಕ್ಟ್ ತಾನು ಚಿಕ್ಕದಿದ್ರೂ ಅದರಿಂದಾಗಿ ಎಷ್ಟು ಮೆಮೊರಿ ಬಿಡುಗಡೆ ಆಗದೆ ಕೂತಿದೆ ಅನ್ನೋದು ಅಲ್ಲೇ ಗೊತ್ತಾಗೋದು.

ಕೊರತೆ ಇಲ್ವಾ ಅಂದ್ರೆ ಇದೆ. ಸ್ನ್ಯಾಪ್‌ಶಾಟ್ ತಗೊಳ್ಳುವಾಗ ಪೇಜ್ ಅಲ್ಲಾಡಲ್ಲ, ದೊಡ್ಡ ಆ್ಯಪ್ ಆದ್ರೆ ಫೈಲೂ ದೊಡ್ಡದಾಗುತ್ತೆ. ಮಿನಿಫೈ ಆದ ಬಿಲ್ಡ್‌ನಲ್ಲಿ ಹೆಸರೆಲ್ಲ ಒಂದಕ್ಷರ ಎರಡಕ್ಷರಕ್ಕೆ ಇಳಿದಿರೋದ್ರಿಂದ ಸರಪಳಿ ಓದೋಕೇ ಆಗಲ್ಲ, ಹಾಗಂತ ಡೆವಲಪ್‌ಮೆಂಟ್ ಬಿಲ್ಡ್‌ನಲ್ಲಿ ನೋಡಿದ್ರೆ ಫ್ರೇಮ್‌ವರ್ಕ್ ಡೀಬಗ್‌ಗೆ ಅಂತ ಇಟ್ಕೊಂಡಿರೋ ಎಕ್ಸ್‌ಟ್ರಾ ಸಾಮಾನೂ ಸೇರ್ಕೊಂಡಿರುತ್ತೆ, ಹಾಗಾಗಿ ಪ್ರೊಡಕ್ಷನ್ ಬಿಲ್ಡೇ ಮಾಡಿ ಹೆಸರು ಕುಗ್ಗಿಸೋದನ್ನ ಮಾತ್ರ ಆಫ್ ಮಾಡೋದು ವಾಸಿ. ಇನ್ನೊಂದು, ಡೆವ್‌ಟೂಲ್ಸ್ ಓಪನ್ ಇದ್ದಾಗ ಕನ್ಸೋಲ್‌ಗೆ ಲಾಗ್ ಮಾಡಿದ ಆಬ್ಜೆಕ್ಟ್‌ನ ಕನ್ಸೋಲೇ ಹಿಡ್ಕೊಂಡಿರುತ್ತೆ. ಅದನ್ನ ಕ್ಲಿಯರ್ ಮಾಡದೆ ಅಳೆದ್ರೆ ಇಲ್ಲದ ಮೆಮೊರಿ ಲೀಕ್ ಹಿಂದೆ ಓಡ್ತೀರ.

ಪರ್ಫಾರ್ಮೆನ್ಸ್ ಪ್ಯಾನೆಲ್ ಕೂಡ ಚೆನ್ನಾಗಿದೆ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಕೋರ್ ವೆಬ್ ವೈಟಲ್ಸ್‌ನಲ್ಲಿ (ಪೇಜ್ ಬಳಸೋ ಅನುಭವ ಅಳೆಯೋ ಮಾನದಂಡಗಳು) ಮೊದಲ ಕ್ಲಿಕ್‌ನ ತಡ ಮಾತ್ರ ನೋಡ್ತಿದ್ದ ಎಫ್‌ಐಡಿ ತೆಗೆದು, ಎಲ್ಲಾ ಕ್ಲಿಕ್‌ಗಳನ್ನೂ ನೋಡೋ ಐಎನ್‌ಪಿ ತಂದ ಮೇಲೆ ಕ್ಲಿಕ್ ಮಾಡಿದಾಗ ಪೇಜ್ ಎಷ್ಟು ಬೇಗ ಸ್ಪಂದಿಸುತ್ತೆ ಅನ್ನೋದು ಎಲ್ಲರ ತಲೆನೋವಾಗಿದೆ, 200 ಮಿಲಿಸೆಕೆಂಡ್ ಒಳಗಿದ್ರೆ ಒಳ್ಳೇದು ಅಂತ ಲೆಕ್ಕ. 50 ಮಿಲಿಸೆಕೆಂಡ್ ದಾಟಿದ ಟಾಸ್ಕ್‌ಗಳಿಗೆ ಇಲ್ಲಿ ಕೆಂಪು ಗುರುತು ಬೀಳುತ್ತೆ. ಸಿಪಿಯು ಥ್ರಾಟ್ಲಿಂಗ್ (ಪ್ರೊಸೆಸರ್‌ನ ಬೇಕಂತಲೇ ನಿಧಾನ ಮಾಡೋದು) ಹಾಕದೆ ಮಾತ್ರ ನೋಡ್ಬೇಡಿ, ನಮ್ಮ ಆಫೀಸ್ ಲ್ಯಾಪ್‌ಟಾಪ್ ಬೇರೆ, ಬಳಸೋರ ಕೈಲಿರೋ ಕಮ್ಮಿ ಬೆಲೆಯ ಆಂಡ್ರಾಯ್ಡ್ ಫೋನ್ ಬೇರೆ. ಒಂದು ವಿಷಯದಲ್ಲಿ ಮಾತ್ರ ನನ್ನ ವೋಟು ಫೈರ್‌ಫಾಕ್ಸ್ ಪ್ರೊಫೈಲರ್‌ಗೆ: ರೆಕಾರ್ಡ್ ಮಾಡಿದ್ದನ್ನ ಅಪ್‌ಲೋಡ್ ಮಾಡಿ ಲಿಂಕ್ ಕಳಿಸಿದ್ರೆ ಇನ್ನೊಂದು ಊರಲ್ಲಿರೋ ಸಹೋದ್ಯೋಗಿನೂ ಅದೇ ಗ್ರಾಫ್ ಇಟ್ಕೊಂಡು ಮಾತಾಡಬಹುದು, ಕ್ರೋಮ್‌ನಲ್ಲಿ ತೆಗೆದ ಟ್ರೇಸ್‌ನೂ ಅದು ಓದುತ್ತೆ.

ನೆಟ್‌ವರ್ಕ್ ಪ್ಯಾನೆಲ್‌ನಲ್ಲಿ ಇನಿಶಿಯೇಟರ್ ಕಾಲಮ್ ಮೇಲೆ ಮೌಸ್ ಇಟ್ರೆ ಆ ರಿಕ್ವೆಸ್ಟ್ ಹುಟ್ಟಿದ ಕಾಲ್ ಸ್ಟ್ಯಾಕೇ ಕಾಣುತ್ತೆ, ಎರಡೆರಡು ಸಲ ಹೋಗೋ ರಿಕ್ವೆಸ್ಟ್‌ಗೆ ಅಷ್ಟು ಸಾಕು. ಆದ್ರೆ ಅಲ್ಲಿಂದ ಎಚ್‌ಎಆರ್ ಫೈಲ್ (ಹೋಗಿ ಬಂದ ರಿಕ್ವೆಸ್ಟ್‌ಗಳ ದಾಖಲೆ) ತೆಗೆದು ಬೇರೆಯವರಿಗೆ ಕಳಿಸೋ ಮುಂಚೆ ದಯವಿಟ್ಟು ಒಂದ್ಸಲ ನೋಡಿ, ಅದರಲ್ಲಿ ಕುಕಿ, ಸೆಷನ್ ಟೋಕನ್ (ಲಾಗಿನ್ ಆಗಿರೋದರ ಗುರುತು) ಎಲ್ಲ ಇರಬಹುದು. 2023ರಲ್ಲಿ ಲಾಗಿನ್ ಸೇವೆ ಕೊಡೋ ಓಕ್ಟಾ ಕಂಪನಿಯ ಸಪೋರ್ಟ್ ಸಿಸ್ಟಮ್‌ಗೆ ನುಗ್ಗಿದವರು ಗ್ರಾಹಕರು ಕಳಿಸಿದ್ದ ಇಂಥ ಫೈಲ್‌ಗಳಿಂದಾನೇ ಟೋಕನ್ ಎತ್ಕೊಂಡಿದ್ರು. ಈಗಿನ ಕ್ರೋಮ್ ಡೀಫಾಲ್ಟ್ ಆಗಿ ಕುಕಿ, ಆಥರೈಸೇಷನ್ ಹೆಡರ್ ತೆಗೆದೇ ಫೈಲ್ ಕೊಡುತ್ತೆ. ಯುಆರ್‌ಎಲ್ ಮತ್ತೆ ರೆಸ್ಪಾನ್ಸ್ ಒಳಗಿರೋದನ್ನ ಮಾತ್ರ ನೀವೇ ಚೆಕ್ ಮಾಡ್ಬೇಕು.