ವಿಜಯಪುರದಲ್ಲಿ ಹೊಸ ಮನೆ ಕೊಳ್ಳುವ ನಿವೃತ್ತರೇ, ಬಣ್ಣ ನೋಡುವ ಮೊದಲು ಪಾಯ ಕೇಳಿ

ಮಕ್ಕಳ ಹತ್ತಿರ ಇರೋಣ ಅಂತ ವಿಜಯಪುರದಲ್ಲಿ ಮನೆ ಹುಡುಕುತ್ತಿರುವ ನಿವೃತ್ತರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ತುಮಕೂರು, ಮೈಸೂರು, ಕೋಲಾರದಂಥ ಕೆಂಪು ಮಣ್ಣಿನ ಊರುಗಳಿಂದ ಬರುವವರು. ಊರಾಚೆ ಹೊಸ ಬಡಾವಣೆಗಳಲ್ಲಿ ಸಾಲಾಗಿ ನಾಲ್ಕೈದು ಮನೆ ಕಟ್ಟಿ, ಬಣ್ಣ ಹಚ್ಚಿ ಮಾರುತ್ತಾರಲ್ಲ, ಅಂಥ ಮನೆಯನ್ನು ಅದರ ಪಾಯ ಎಷ್ಟು ಆಳ ಹೋಗಿದೆ, ಯಾವುದರ ಮೇಲೆ ಕೂತಿದೆ ಅಂತ ತಿಳಿಯದೆ ಕೊಳ್ಳಬೇಡಿ. ನಾವು ಅಂಥದ್ದೇ ಮನೆಯಲ್ಲಿ ಇದ್ದೇವೆ. ಹಾಲ್‌ನ ಕಿಟಕಿ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಹೋಗಿರುವ ಬಿರುಕಿನಲ್ಲಿ ಐದು ರೂಪಾಯಿ ನಾಣ್ಯ ಸಲೀಸಾಗಿ ಇಳಿಯುತ್ತದೆ.

ನಾನು ತುಮಕೂರು ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ನಮ್ಮ ಯಜಮಾನರು ನನಗಿಂತ ಮೊದಲೇ ನಿವೃತ್ತರಾದರು. ಮಗಳು, ಅಳಿಯ ಇಬ್ಬರೂ ವಿಜಯಪುರದಲ್ಲಿ ಕೆಲಸದಲ್ಲಿದ್ದಾರೆ, ಮೊಮ್ಮಗ ಇನ್ನೂ ಚಿಕ್ಕವನು. ಯಜಮಾನರ ಮಂಡಿ ಆಪರೇಷನ್ ಆದ ಮೇಲೆ "ಇನ್ನು ನೀವಿಬ್ಬರೇ ಅಲ್ಲಿ ಇರೋದು ಬೇಡ" ಅಂತ ಮಗಳು ಹಟ ಹಿಡಿದಳು. ತುಮಕೂರಿನ ಮನೆ ಮಾರಿದೆವು. ಅಲ್ಲಿಂದ ಶುರುವಾಯಿತು ನೋಡಿ, ಕಟ್ಟಿಸೋದಾ ಕೊಳ್ಳೋದಾ ಅನ್ನುವ ಚರ್ಚೆ.

ಅಳಿಯ ಇದೇ ಕಡೆಯವರು. "ಮಾವಾರ, ಪ್ಲಾಟ್ ತಗೊಂಡು ಎದುರಿಗೆ ನಿಂತು ಕಟ್ಟಸೋಣ್ರಿ" ಅಂದರು. ಎದುರಿಗೆ ನಿಲ್ಲುವವರು ಯಾರು? ಅಳಿಯನಿಗೆ ಕಾಲೇಜಿನ ಕೆಲಸ, ಯಜಮಾನರಿಗೆ ಕೈಯಲ್ಲಿ ಕೋಲು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಮನೆ ಕಟ್ಟಿ ನೋಡು ಅಂತ ಹೆದರಿಸುವವರು ಎಲ್ಲ ಕಡೆ ಸಿಗುತ್ತಾರೆ, ಕಟ್ಟಿದ್ದನ್ನು ಕೊಂಡು ನೋಡು ಅಂತ ಯಾರೂ ಹೇಳುವುದಿಲ್ಲ. ರೆಡಿ ಮನೆಯೇ ಸರಿ ಅಂತ ಎಲ್ಲರೂ ಒಪ್ಪಿದೆವು.

ಏಜೆಂಟ್ ತೋರಿಸಿದ ಮನೆ ನೋಡಲು ಚೆನ್ನಾಗಿತ್ತು. ಪೂರ್ವದ ಬಾಗಿಲು, ನೆಲಕ್ಕೆ ಫಳಫಳ ಟೈಲ್ಸ್, ಕಾಂಪೌಂಡ್ ಒಳಗೆ ಸಂಪ್, ಮಗಳ ಮನೆಗೆ ನಡೆದು ಹೋಗುವಷ್ಟು ದೂರ. "ಈ ವಾರದಾಗ ಸಂಚಕಾರ ಕೊಡ್ಲಿಲ್ಲಂದ್ರ ಹೋತ್ರಿ ಅಕ್ಕಾರ, ಸೊಲ್ಲಾಪುರದವ್ರು ಕೇಳ್ಯಾರ" ಅಂದ. ಜೊತೆಗೆ ಇನ್ನೊಂದು ಹೆದರಿಕೆ ಹಾಕಿದ: ಹಳೆ ಮನೆ ಮಾರಿದ ದುಡ್ಡನ್ನು ಬೇಗ ಹಾಕದಿದ್ದರೆ ಟ್ಯಾಕ್ಸ್ ಬೀಳುತ್ತದಂತೆ.

ಈ ಟ್ಯಾಕ್ಸ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿವೃತ್ತರನ್ನು ಅವಸರ ಮಾಡಿಸಲು ಎಲ್ಲರೂ ಬಳಸುವ ಅಸ್ತ್ರ ಇದು. ಹಳೆ ಮನೆ ಮಾರಿದ ಲಾಭದ ಮೇಲೆ ತೆರಿಗೆ ವಿನಾಯಿತಿ ಬೇಕಾದರೆ, ಮಾರಿದ ದಿನದಿಂದ ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳಬಹುದು. ಕಟ್ಟಿಸುವುದಾದರೆ ಮೂರು ವರ್ಷ ಟೈಮ್ ಇದೆ. ಅಷ್ಟರೊಳಗೆ ರಿಟರ್ನ್ ಸಲ್ಲಿಸುವ ಗಡುವು ಬಂತು ಅಂದರೆ, ಖರ್ಚಾಗದ ಲಾಭದ ಹಣವನ್ನು ಬ್ಯಾಂಕಿನಲ್ಲಿ ಕ್ಯಾಪಿಟಲ್ ಗೇನ್ಸ್ ಖಾತೆ ತೆರೆದು ಇಟ್ಟರೆ ಆಯಿತು. ಅಂದರೆ ಒಂದು ಇಡೀ ವರ್ಷ ಬಾಡಿಗೆ ಮನೆಯಲ್ಲಿ ಆರಾಮಾಗಿ ಕೂತು ಊರು ನೋಡಬಹುದು. ಒಂದು ಬೇಸಿಗೆ, ಒಂದು ಮಳೆಗಾಲ. ಆ ವರ್ಷದ ಬಾಡಿಗೆ ದಂಡ ಅಂತ ಅನ್ನಿಸುತ್ತದೆ, ನಿಜ. ನಮ್ಮ ರಿಪೇರಿ ಬಿಲ್ ನೋಡಿದರೆ ಹಾಗನ್ನಿಸಲ್ಲ.

ಕಾಗದ ಪತ್ರದಲ್ಲಿ ಏನೂ ಮೋಸ ಇರಲಿಲ್ಲ ಅನ್ನುವುದನ್ನೂ ಹೇಳಲೇಬೇಕು. ವಕೀಲರು ಉತಾರ (ಆಸ್ತಿ ದಾಖಲೆ), ಇಸಿ (ಋಣಭಾರ ಪತ್ರ), ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಲೇಔಟ್ ಮಂಜೂರಾತಿ ಎಲ್ಲ ನೋಡಿದರು. ಖಾತಾ ಸಹ ಎ ಖಾತಾನೇ, ಅಂದರೆ ಅಧಿಕೃತ ಬಡಾವಣೆಯದ್ದು. 2025ರ ಫೆಬ್ರವರಿಯಿಂದ ಅನಧಿಕೃತ ಬಡಾವಣೆಗಳಿಗೂ ಬಿ ಖಾತಾ ಕೊಡುವ ಅಭಿಯಾನ ನಡೆದಿದೆ, ಹಾಗಾಗಿ ಬರೀ "ಇ-ಖಾತಾ ಐತ್ರಿ" ಅಂದರೆ ಸಾಲದು, ಎ ನಾ ಬಿ ನಾ ಅಂತ ಕೇಳಿ. ನಮ್ಮದು ಅದರಲ್ಲಿ ಪಾಸಾಗಿತ್ತು. ಕಾಗದ ನೋಡಲು ಇಲ್ಲಿ ಒಂದು ಪದ್ಧತಿ ಇದೆ, ಫೀಸು ಇದೆ, ಆಫೀಸುಗಳಿವೆ. ನೆಲ ನೋಡಲು ಅಂಥದ್ದು ಯಾವುದೂ ಇಲ್ಲ. ಬ್ಯಾಂಕಿನ ಕಡೆಯಿಂದ ಬೆಲೆ ಕಟ್ಟಲು ಬರುವವರೂ ಗೋಡೆ ಅಳೆದು ಹೋಗುತ್ತಾರೆ, ಪಾಯ ಅಗೆದು ನೋಡುವುದಿಲ್ಲ.

ಡಿಸೆಂಬರಿನಲ್ಲಿ ಗೃಹಪ್ರವೇಶ ಆಯಿತು. ಏಪ್ರಿಲ್ ಹೊತ್ತಿಗೆ ಕೂದಲೆಳೆಯಂಥ ಗೆರೆಗಳು ಕಂಡವು. ಮೇ ತಿಂಗಳಲ್ಲಿ ಅವೇ ಬಾಯಿ ಬಿಟ್ಟವು. ಮಳೆ ಶುರುವಾದ ಮೇಲೆ ಬಚ್ಚಲಿನ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಮುಚ್ಚಲೇ ಇಲ್ಲ, ಅಡುಗೆಮನೆಯ ಟೈಲ್ಸ್ ಮೇಲೆ ಕಾಲಿಟ್ಟರೆ ಟೊಳ್ಳು ಶಬ್ದ. ಮನೆ ಕಟ್ಟಿದಾತನಿಗೆ ಫೋನ್ ಮಾಡಿದೆವು. ಬಂದ, ಬಹಳ ಮರ್ಯಾದೆಯಿಂದಲೇ ಮಾತಾಡಿದ. "ಹೊಸ ಗಿಲಾವ್ ಅಲ್ರಿ ಸರ, ಸೆಟ್ ಆಗೂಮುಂದ ಹಿಂಗ ಆಗ್ತೈತಿ" ಅಂತ ಹೇಳಿ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿದ. ಮುಂದಿನ ಬೇಸಿಗೆಗೆ ಬಿರುಕು ಅದೇ ಜಾಗದಲ್ಲಿ ಬಂತು, ಇನ್ನೂ ಅಗಲವಾಗಿ. ಆಮೇಲೆ ಫೋನ್ ಎತ್ತುವುದು ನಿಂತಿತು.

ಅಳಿಯನ ಪರಿಚಯದ ಒಬ್ಬ ಸಿವಿಲ್ ಎಂಜಿನಿಯರ್ ಬಂದು ನೋಡಿದರು. ಗೋಡೆಯ ಕಡೆ ಹೋಗಲೇ ಇಲ್ಲ ಅವರು. ಮೊದಲು ಕಾಂಪೌಂಡ್ ಸುತ್ತ ಒಂದು ರೌಂಡ್ ಹಾಕಿದರು, ಆಮೇಲೆ ಗೌಂಡಿಯನ್ನು (ಗಾರೆ ಕೆಲಸದವನನ್ನು) ಕರೆಸಿ ಹಿಂದಿನ ಗೋಡೆಗೆ ಒತ್ತಿ ಒಂದು ಗುಂಡಿ ತೆಗೆಸಿದರು. ಮೇಲೆ ಅರ್ಧ ಅಡಿ ಗರಸು (ಗಟ್ಟಿ ಕಲ್ಲುಮಣ್ಣು) ಹಾಸಿದ್ದರು, ನೋಡುವವರ ಕಣ್ಣಿಗೆ ಕಾಣಲಿ ಅಂತ. ಅದರ ಕೆಳಗೆ ಬರೀ ಕಪ್ಪು. ನಾಲ್ಕಡಿಗೆ ಪಾಯದ ಕಲ್ಲು ಮುಗಿಯಿತು. ಗೌಂಡಿ ಇನ್ನೂ ಮೊಳ ಕೆಳಗೆ ಅಗೆದು, ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನನ್ನ ಕೈಗೆ ಕೊಟ್ಟ. ಚಪಾತಿ ಹಿಟ್ಟಿನ ಹಾಗೆ ಬೆರಳಿನ ಗುರುತು ಮೂಡಿತು. "ಅಕ್ಕಾರ, ಇದು ಪೂರಾ ಎರಿ. ಬ್ಯಾಸಿಗ್ಯಾಗ ಬಾಯಿ ಬಿಡ್ತೈತಿ, ಮಳಿ ಆದ್ರ ಉಬ್ಬತೈತಿ. ಇದರ ಮ್ಯಾಲ ಕಲ್ಲ ಇಟ್ಟಾರ, ಅಷ್ಟ" ಅಂದ. ಎರಿ, ಎರೆ ಅಂದರೆ ಈ ಕಪ್ಪು ಜಿಗುಟು ಮಣ್ಣು. ಪಾಯದ ಮೇಲೆ ಗೋಡೆಗಳನ್ನು ಹಿಡಿದಿಡುವ ಕಾಂಕ್ರೀಟ್ ತೊಲೆ, ಪ್ಲಿಂತ್ ಬೀಮ್, ಕೂಡ ಇರಲಿಲ್ಲ.

ಎಂಜಿನಿಯರ್ ಆ ಮಣ್ಣನ್ನು ಕಾಲೇಜಿನ ಲ್ಯಾಬಿಗೆ ಒಯ್ದರು, ನಾನೂ ಹೋಗಿದ್ದೆ. ಪರೀಕ್ಷೆ ಎಷ್ಟು ಸರಳ ಅಂದರೆ ಎಂಟನೇ ಕ್ಲಾಸಿನ ಮಕ್ಕಳಿಗೆ ಮಾಡಿ ತೋರಿಸಬಹುದು. ಅಳತೆ ಗೆರೆ ಇರುವ ಎರಡು ಗಾಜಿನ ಜಾಡಿ. ಎರಡಕ್ಕೂ ಹತ್ತತ್ತು ಗ್ರಾಂ ಜರಡಿ ಹಿಡಿದ ಒಣ ಮಣ್ಣು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಒಂದು ಇಡೀ ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸವೇ ಆ ಮಣ್ಣಿನ ಉಬ್ಬುವ ಗುಣ. ನಮ್ಮ ಮಣ್ಣಿನ ಎರಡು ಜಾಡಿಯನ್ನು ಪಕ್ಕಪಕ್ಕ ಇಟ್ಟಾಗ ವಿವರಣೆಯೇ ಬೇಕಾಗಲಿಲ್ಲ. ಪ್ಲಾಟ್ ಕೊಳ್ಳುವ ಮುಂಚೆ ಇದನ್ನು ಮಾಡಿಸಲು ತೀರಾ ಕಡಿಮೆ ಖರ್ಚು.

ಈ ಎರೆ ಮಣ್ಣಿಗೆ ಬೈಯಲು ನನಗೆ ಮನಸ್ಸಿಲ್ಲ. ಮಳೆ ನೀರನ್ನು ಹಿಡಿದಿಟ್ಟುಕೊಂಡು ನೀರಾವರಿ ಇಲ್ಲದೆ ಹಿಂಗಾರಿ ಬಿಳಿಜೋಳ ಬೆಳೆಸುವುದು ಇದೇ ಮಣ್ಣು. ಡೋಣಿ ನದಿ ದಂಡೆಯ ಹೊಲಗಳು ಹೆಸರುವಾಸಿ ಆಗಿದ್ದೇ ಅದರಿಂದ. ನೀರು ಹಿಡಿಯುವ ಆ ಗುಣ ಪೈರಿಗೆ ಒಳ್ಳೆಯದು, ಗೋಡೆಗೆ ಅಲ್ಲ. ಅಕ್ಟೋಬರ್ ಮಳೆ ಕುಡಿದ ನೆಲ ಡಿಸೆಂಬರಿನಲ್ಲಿ ಇನ್ನೂ ತೇವದಿಂದ ಕೂಡಿಕೊಂಡಿರುತ್ತದೆ. ಆಗ ಮನೆ ತೋರಿಸಿದರೆ ಯಾವ ಗೋಡೆಯೂ ಬಾಯಿ ಬಿಡುವುದಿಲ್ಲ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ನಮ್ಮ ಮನೆಯಲ್ಲಿ ಇನ್ನೊಂದು ತೊಂದರೆ ಸೇರಿಕೊಂಡಿತ್ತು. ಸಂಪ್ ಅನ್ನು ಗೋಡೆಗೆ ಅಂಟಿಸಿಯೇ ಕಟ್ಟಿದ್ದಾರೆ. ನಮ್ಮ ಕಡೆ ನಲ್ಲಿ ನೀರು ದಿನಾ ಬರುವುದಿಲ್ಲ, ಬಂದಾಗ ಸಂಪ್ ತುಂಬಿಸಿಕೊಳ್ಳಬೇಕು. ನೆಲ ಅಲುಗಿ ಸಂಪ್ ಸೀಳಿತು, ನೀರು ಸೋರಿ ಪಾಯದ ಆ ಬದಿಯ ಮಣ್ಣಿಗೆ ಇಳಿಯಿತು. ಒಂದು ಬದಿ ಒದ್ದೆಯಾಗಿ ಉಬ್ಬುತ್ತದೆ, ಇನ್ನೊಂದು ಬದಿ ಒಣಗಿ ಕುಗ್ಗುತ್ತದೆ. ಮಧ್ಯದ ಗೋಡೆ ಏನು ಮಾಡಬೇಕು ಹೇಳಿ?

ಹಾಗಂತ ಎರೆಯ ಮೇಲೆ ಮನೆ ಕಟ್ಟಲೇಬಾರದು ಅಂತಲ್ಲ. ವಿಜಯಪುರದಲ್ಲೇ ಕೆಲವು ಕಡೆ ಎರಡು ಅಡಿಗೇ ಗಟ್ಟಿ ಕಲ್ಲು ಸಿಗುತ್ತದೆ, ಕೆಲವು ಕಡೆ ಆಳುದ್ದ ಹೋದರೂ ಎರೆಯೇ. ಆಳ ಕಡಿಮೆ ಇದ್ದರೆ ಎರೆಯನ್ನು ಪೂರ್ತಿ ತೆಗೆದು ಗರಸು ಅಥವಾ ಕಲ್ಲಿನ ಮೇಲೆ ಪಾಯ ಕೂರಿಸುತ್ತಾರೆ. ಜಾಸ್ತಿ ಇದ್ದರೆ ಅಂಡರ್ ರೀಮ್ಡ್ ಪೈಲ್ ಅಂತ, ತಳದಲ್ಲಿ ದಪ್ಪಗಿರುವ ಕಾಂಕ್ರೀಟ್ ಕಂಬಗಳನ್ನು ಆಳಕ್ಕೆ ಇಳಿಸುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಈ ವಿಧಾನವನ್ನು ಬೆಳೆಸಿದ್ದೇ ಇಂಥ ನೆಲಕ್ಕಾಗಿ. ಇದೆಲ್ಲ ಇಲ್ಲಿನ ಗೌಂಡಿಗಳಿಗೂ ಹೊಸದಲ್ಲ. ಆದರೆ ಮಾರಲು ಕಟ್ಟುವವನಿಗೆ ನೆಲದೊಳಗೆ ಹಾಕಿದ ದುಡ್ಡು ಕಣ್ಣಿಗೆ ಕಾಣುವುದಿಲ್ಲ, ಟೈಲ್ಸಿಗೆ ಹಾಕಿದ್ದು ಕಾಣುತ್ತದೆ.

ಮನೆ ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ಕಾನೂನು, ರೇರಾ ಇದೆಯಲ್ಲ ಅಂತ ಕೇಳುತ್ತೀರಿ. ರೇರಾ ಪ್ರಕಾರ ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ಪುಕ್ಕಟೆ ಸರಿ ಮಾಡಿಕೊಡಬೇಕು. ಸರಿ. ಆದರೆ 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟಕ್ಕಿಂತ ಹೆಚ್ಚಿಲ್ಲದ ಮನೆಗಳ ಯೋಜನೆಗೆ ನೋಂದಣಿಯೇ ಬೇಕಿಲ್ಲ. ಇಲ್ಲಿ ಒಂದೊಂದು ಸಲಕ್ಕೆ ನಾಲ್ಕೇ ಮನೆ ಯಾಕೆ ಕಟ್ಟುತ್ತಾರೆ ಅಂತ ನನಗೆ ಆಗ ಅರ್ಥವಾಯಿತು.

ಈಗ ಮನೆ ನೋಡಲು ಹೊರಟವರಿಗೆ ನಾಲ್ಕು ಮಾತು. ಸಾಧ್ಯವಾದರೆ ಮೇ ತಿಂಗಳಲ್ಲಿ ನೋಡಿ. ಮನೆಯ ಒಳಗೆ ಹೋಗುವ ಮೊದಲು ಆ ಓಣಿಯ ಕಾಂಪೌಂಡ್ ಗೋಡೆಗಳನ್ನೆಲ್ಲ ನೋಡುತ್ತಾ ನಡೆಯಿರಿ. ಕಾಂಪೌಂಡಿಗೆ ಯಾರೂ ಆಳದ ಪಾಯ ಹಾಕಿಸುವುದಿಲ್ಲ, ನೆಲ ಕೆಟ್ಟದಿದ್ದರೆ ಮೊದಲು ಸೀಳುವುದು ಅದೇ. ಪಕ್ಕದಲ್ಲಿ ಎಲ್ಲಾದರೂ ಪಾಯ ತೋಡುತ್ತಿದ್ದರೆ ನಿಂತು ಗೌಂಡಿಯನ್ನು ಕೇಳಿ, "ಗರಸು ಎಷ್ಟಕ್ಕ ಹತ್ತೈತಿ?" ಅಂತ. ಅವರು ಸುಳ್ಳು ಹೇಳುವುದಿಲ್ಲ, ಹೇಳಿ ಅವರಿಗೇನು ಲಾಭ? ಮಾರುವವನ ಹತ್ತಿರ ಪಾಯ ಹಾಕುವಾಗಿನ ಫೋಟೋ, ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ. ಇವತ್ತು ಪ್ರತಿಯೊಬ್ಬರ ಕೈಯಲ್ಲೂ ಫೋನ್ ಇದೆ, ಫೋಟೋ ಇಲ್ಲ ಅಂದರೆ ನಂಬಬೇಡಿ. ಕೊನೆಯ ಒಂದಿಷ್ಟು ಹಣವನ್ನು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಕೊಡುವುದಾಗಿ ಕರಾರು ಬರೆಸಲು ನೋಡಿ. ಒಪ್ಪದೇ ಇರಬಹುದು. ಯಾಕೆ ಒಪ್ಪುತ್ತಿಲ್ಲ ಅನ್ನುವುದು ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ, ಕೊಳ್ಳುವುದೇ ಆದರೆ ಐದಾರು ವರ್ಷ ಹಳೆಯದಾದ, ಮಾಲೀಕರೇ ವಾಸ ಇರುವ ಮನೆ ಕೊಳ್ಳಿ. ಹಳೆ ಮನೆ ಅಂತ ಮೂಗು ಮುರಿಯುವುದು ನಮ್ಮವರ ಅಭ್ಯಾಸ. ಆದರೆ ಬೀಳಬೇಕಾದ ಬಿರುಕು ಅಷ್ಟರಲ್ಲಿ ಬಿದ್ದಿರುತ್ತದೆ, ಬಿದ್ದಿಲ್ಲ ಅಂದರೆ ಪಾಯ ಗಟ್ಟಿ ಇದೆ ಅಂತಲೇ ಲೆಕ್ಕ. ಕಟ್ಟಿಸುವುದಾದರೆ ಎದುರಿಗೆ ಬಾಡಿಗೆಗೆ ಬಂದಿದ್ದು ಕಟ್ಟಿಸಿ. ಬೀಗರ ಕಡೆಯ ದಂಪತಿ ಮೈಸೂರಿನಲ್ಲಿ ಕೂತು ಬಾಗಲಕೋಟೆಯಲ್ಲಿ ಕಟ್ಟಿಸಲು ಹೋದರು. ಕಾಂಟ್ರಾಕ್ಟರ್ ಸ್ಲ್ಯಾಬ್ ಹಾಕುವಷ್ಟರಲ್ಲಿ ಮುಕ್ಕಾಲು ಪಾಲು ದುಡ್ಡು ಎಣಿಸಿಕೊಂಡು ಬೇರೆ ಸೈಟಿಗೆ ಹೋಗಿಬಿಟ್ಟ. ಇಡೀ ಕಟ್ಟಡಕ್ಕೆ ಕಾವಲು ನಿಲ್ಲಲು ನಮ್ಮ ವಯಸ್ಸಿನವರಿಗೆ ಆಗಲ್ಲ, ಒಪ್ಪುತ್ತೇನೆ. ಪ್ಲಿಂತ್, ಅಂದರೆ ಗೋಡೆ ಶುರುವಾಗುವ ಮಟ್ಟದ ಕಟ್ಟೆ, ಏಳುವವರೆಗೆ ಮಾತ್ರ ನಿಂತುಕೊಳ್ಳಿ. ಮೇಲಿನ ಗೋಡೆ, ಬಣ್ಣ ಏನೇ ಕೆಟ್ಟರೂ ಆಮೇಲೆ ಸರಿ ಮಾಡಿಸಬಹುದು. ಬಿಲ್ ಆಯಾ ಹಂತ ಮುಗಿದ ಮೇಲೆ ಕೊಡಿ, ಮುಂಗಡವಾಗಿ ಅಲ್ಲ.

ನಮ್ಮ ಮನೆಗೆ ಸದ್ಯಕ್ಕೆ ಸಂಪ್ ದೂರಕ್ಕೆ ಹಾಕಿಸಿದ್ದೇವೆ. ಸುತ್ತಲೂ ಇಳಿಜಾರಾಗಿ ಅಗಲ ಕಾಂಕ್ರೀಟ್ ಪಟ್ಟಿ ಹಾಕಿಸಿ, ಮಳೆ ನೀರು ಪಾಯದ ಹತ್ತಿರ ನಿಲ್ಲದ ಹಾಗೆ ಚರಂಡಿ ಮಾಡಿಸಿದ್ದೇವೆ. ನೆಲದ ತೇವ ವರ್ಷವಿಡೀ ಒಂದೇ ಸಮ ಇದ್ದರೆ ಗೋಡೆಯ ಆಟ ಕಡಿಮೆಯಾಗುತ್ತದೆ ಅಂದಿದ್ದಾರೆ ಎಂಜಿನಿಯರ್. ಪಾಯವನ್ನೇ ಕೆಳಗಿನಿಂದ ಬಲಪಡಿಸುವ ಖರ್ಚು ಕೇಳಿ ಯಜಮಾನರು ಅವತ್ತು ಊಟ ಮಾಡಲಿಲ್ಲ. ಗ್ರಾಹಕರ ಆಯೋಗದಲ್ಲಿ ದೂರು ಹಾಕಿದ್ದೇವೆ, ನಡೆಯುತ್ತಿದೆ.

ಯಾರಿಗಾದರೂ ಈಗಾಗಲೇ ಇದೇ ಗತಿ ಆಗಿದ್ದರೆ, ಕಟ್ಟಿದವನು ಪುಟ್ಟಿ ಹಚ್ಚಲು ಬಂದ ದಿನ ಅವನನ್ನು ವಾಪಸ್ ಕಳಿಸಿ. ಮೊದಲು ಬಿರುಕಿನ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ತಾರೀಖು ಕಾಣಲಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲೇ ತಿಂಗಳು ಬರೆದಿಡಿ. ಅವನ ಜೊತೆಗಿನ ಮಾತು ವಾಟ್ಸಾಪಿನಲ್ಲಿ ಬರಹದಲ್ಲೇ ನಡೆಯಲಿ. ಆಯೋಗಕ್ಕೆ ಹೋಗಲು ಎರಡು ವರ್ಷದ ಮಿತಿ ಇದೆ. "ಮುಂದಿನ ಬ್ಯಾಸಿಗಿ ನೋಡೋಣ್ರಿ" ಅಂತ ಅವನು ಹೇಳುತ್ತಾ ಹೋದರೆ ಆ ಎರಡು ಬೇಸಿಗೆ ಮುಗಿದೇ ಹೋಗುತ್ತವೆ.