ಕನ್ನ ಹಾಕಲಿಕ್ಕೂ ಬಂಡವಾಳ ಬೇಕು: 1958ರ ಒಂದು ಇಟಾಲಿಯನ್ ಸಿನಿಮಾ

ಗಿರವಿ ಕಚೇರಿಯ ಕಿಂಡಿಯ ಮುಂದೆ ಒಬ್ಬ ನಿಂತು ಪಿಸ್ತೂಲು ಚಾಚುತ್ತಾನೆ. ಒಳಗಿದ್ದ ಗುಮಾಸ್ತ ಅದನ್ನು ಅವನ ಕೈಯಿಂದ ತೆಗೆದುಕೊಳ್ಳುತ್ತಾನೆ. ತಿರುಗಿಸಿ ನೋಡುತ್ತಾನೆ. ಬೆರೆಟಾ, ಸ್ಥಿತಿ ಅಷ್ಟೇನೂ ಚೆನ್ನಾಗಿಲ್ಲ, ಸಾವಿರ ಲೀರಾ ಅನ್ನುತ್ತಾನೆ. ಬಂದವನು ಅದನ್ನು ಅಡ ಇಡಲು ಬಂದಿರಲಿಲ್ಲ, ದರೋಡೆ ಮಾಡಲು ಬಂದಿದ್ದ.

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಚಿನ್ನದ ಸಾಲದ ಕೌಂಟರಿನಲ್ಲಿ ಬಹಳ ವರ್ಷ ಕೂತಿದ್ದೇನೆ. ಆ ಗುಮಾಸ್ತನನ್ನು ನೋಡಿ ನಾನು ನಕ್ಕಷ್ಟು ಬೇರೆಯವರು ನಗಲಿಕ್ಕಿಲ್ಲ. ಕಿಂಡಿಯೊಳಗೆ ಏನು ಬಂದರೂ ಮೊದಲು ಕೈ ಅದರ ಬೆಲೆ ಕಟ್ಟುತ್ತದೆ. ತಂದವರ ಮುಖ ನೋಡುವುದು ಆಮೇಲೆ. ಸಿನಿಮಾ ಮಾಡಿದವರು ಯಾರೋ ಗಿರವಿ ಕಚೇರಿಯ ಸಾಲಿನಲ್ಲಿ ನಿಜವಾಗಿಯೂ ನಿಂತು ಬಂದಿದ್ದಾರೆ ಅನ್ನಿಸಿತು.

ಸಿನಿಮಾದ ಇಟಾಲಿಯನ್ ಹೆಸರು 'ಇ ಸೋಲಿತಿ ಇನ್ಯೋತಿ'. ಇಂಗ್ಲಿಷಿನಲ್ಲಿ ಹುಡುಕುವುದಾದರೆ 'ಬಿಗ್ ಡೀಲ್ ಆನ್ ಮಡೋನಾ ಸ್ಟ್ರೀಟ್'. 1958ರದ್ದು, ನಿರ್ದೇಶಕ ಮಾರಿಯೊ ಮೋನಿಚೆಲ್ಲಿ. ಇಟಲಿಯಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ಆಸ್ಕರ್‌ನ ವಿದೇಶಿ ಭಾಷೆಯ ಚಿತ್ರಗಳ ಪಟ್ಟಿಗೂ ನಾಮನಿರ್ದೇಶನವಾಗಿತ್ತು. ನಮ್ಮ ಕಡೆ ಮಾತ್ರ ಕಳ್ಳತನದ ಸಿನಿಮಾ ಅಂದರೆ ಜನ ಹೇಳುವುದು ಹಾಲಿವುಡ್ಡಿನವನ್ನೇ. ಸೂಟು ಹಾಕಿದ ಹನ್ನೊಂದು ಜನ, ಲೇಸರ್ ಕಿರಣ, ಹೆಲಿಕಾಪ್ಟರು. ಇದನ್ನು ನೋಡಿದವರು ನನ್ನ ಸ್ನೇಹಿತರಲ್ಲಿ ಒಬ್ಬರೂ ಇಲ್ಲ.

ಕಥೆ ಶುರುವಾಗುವುದು ರೋಮ್‌ನಲ್ಲಿ ಒಂದು ಕಾರು ಕದಿಯುವುದರಿಂದ. ಹಾರ್ನ್ ಕೂಗಿಕೊಳ್ಳುತ್ತದೆ, ಕೋಸಿಮೊ ಸಿಕ್ಕಿಬೀಳುತ್ತಾನೆ. ಜೈಲಿನಲ್ಲಿ ಒಬ್ಬ ಗಾರೆ ಕೆಲಸದವನಿಂದ ಅವನಿಗೆ ಒಂದು ಗುಟ್ಟು ಸಿಗುತ್ತದೆ. ಗಿರವಿ ಕಚೇರಿಯ ತಿಜೋರಿ ಇರುವ ಕೋಣೆಗೂ ಪಕ್ಕದ ಖಾಲಿ ಮನೆಗೂ ನಡುವೆ ಇರುವುದು ಒಂದು ತೆಳು ಗೋಡೆ. ಕನ್ನ ಕೊರೆದರೆ ಮುಗಿಯಿತು. ಆದರೆ ಕೋಸಿಮೊ ಒಳಗಿದ್ದಾನಲ್ಲ! ಹೊರಗೆ ಬರಬೇಕಾದರೆ ಅವನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುವ ಒಬ್ಬ ಬೇಕು. ಪೊಲೀಸ್ ದಾಖಲೆಯಲ್ಲಿ ಹೆಸರಿಲ್ಲದ ಒಬ್ಬ. ದುಡ್ಡು ಕೊಡುತ್ತೇವೆಂದು ಊರೆಲ್ಲ ಹುಡುಕುತ್ತಾರೆ. ಈ ಬಳಗದಲ್ಲಿ ಶುದ್ಧ ದಾಖಲೆಯವನು ಸಿಗುವುದೇ ಕಷ್ಟ. ಕೊನೆಗೆ ಒಪ್ಪುವವನು ಪೆಪ್ಪೆ, ಒಂದೇ ಹೊಡೆತಕ್ಕೆ ಮಲಗುವ ಬಾಕ್ಸರ್. ಅಧಿಕಾರಿ ಅವನ ಮಾತನ್ನು ನಂಬುವುದಿಲ್ಲ, ಇಬ್ಬರನ್ನೂ ಒಳಗೆ ಹಾಕುತ್ತಾನೆ. ಆಮೇಲೆ ಪೆಪ್ಪೆ ಆ ಗುಟ್ಟನ್ನು ಕೋಸಿಮೊನ ಬಾಯಿಂದಲೇ ಹೇಗೆ ಹೊರಡಿಸುತ್ತಾನೆ ಅನ್ನುವುದನ್ನು ನಾನು ಹೇಳುವುದಿಲ್ಲ. ಮೊದಲರ್ಧದ ಬೆಸ್ಟ್ ತುಣುಕು ಅದು.

ಈ ಸಿನಿಮಾವನ್ನು ದಡ್ಡ ಕಳ್ಳರ ಕಥೆ ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಇವರು ದಡ್ಡರಲ್ಲ, ಇವರ ಹತ್ತಿರ ಬಂಡವಾಳ ಇಲ್ಲ. ಪ್ರತಿ ಹೆಜ್ಜೆಗೂ ದುಡ್ಡು ಬೇಕು, ಅದಕ್ಕಾಗಿ ಇನ್ನೊಂದು ಚಿಲ್ಲರೆ ಕಳ್ಳತನ ಮಾಡಬೇಕು, ಅದೂ ಕೈಕೊಡುತ್ತದೆ. ತಿಬೇರಿಯೊ ಕ್ಯಾಮೆರಾ ಇಲ್ಲದ ಫೋಟೋಗ್ರಾಫರ್. ಹೆಂಡತಿ ಸಿಗರೇಟು ಕಳ್ಳಸಾಗಣೆಯ ಕೇಸಿನಲ್ಲಿ ಜೈಲಿನಲ್ಲಿದ್ದಾಳೆ, ಕೂಸು ಇವನ ಕಂಕುಳಲ್ಲಿ. ತಿಜೋರಿ ತೆರೆಯುವುದನ್ನು ದೂರದಿಂದ ಚಿತ್ರೀಕರಿಸಿ ಅದರ ನಂಬರು ತಿಳಿಯಬೇಕು, ಅದಕ್ಕೆ ಮೂವಿ ಕ್ಯಾಮೆರಾ ಬೇಕು, ಅದನ್ನು ಸಂತೆಯಲ್ಲಿ ಕದಿಯಬೇಕು. ಕದ್ದ ತಪ್ಪಿಗೆ ಆಮೇಲೆ ಅವನ ಕೈಯೇ ಮುರಿಯುತ್ತದೆ. ಇಷ್ಟೆಲ್ಲ ಮಾಡಿ ರೀಲು ಹಾಕಿ ನೋಡಿದರೆ ಮುಖ್ಯವಾದ ಕ್ಷಣಕ್ಕೇ ಏನೋ ಅಡ್ಡ ಬಂದಿದೆ. ಬ್ಯಾಂಕಿನಲ್ಲಿ ಇಂಥ ಅರ್ಜಿಗಳನ್ನು ನಾವು ನೋಡಿದ್ದೇವೆ. ಯೋಜನೆ ಚೆನ್ನಾಗಿಯೇ ಇರುತ್ತದೆ, ಮಾರ್ಜಿನ್ ಮನಿ, ಅಂದರೆ ಸಾಲಗಾರ ತಾನೇ ಹಾಕಬೇಕಾದ ಪಾಲು, ಇರುವುದಿಲ್ಲ.

ಆ ರೀಲನ್ನು ನೋಡಿ ಸಿನಿಮಾದ ದೃಷ್ಟಿಯಿಂದ ಇದು ಕಳಪೆ ಎಂದು ತೀರ್ಪು ಕೊಡುವವನು ದಾಂತೆ. ಈ ಪಾತ್ರದಲ್ಲಿರುವುದು ತೊತೊ, ಇಟಲಿಯ ಮಹಾ ಹಾಸ್ಯನಟ. ಅವರು ಬರುವುದೇ ಸ್ವಲ್ಪ ಹೊತ್ತು. ಒಗೆದ ಬಟ್ಟೆ ನೇತುಹಾಕಿದ ಒಂದು ತಾರಸಿಯ ಮೇಲೆ ತಿಜೋರಿ ಒಡೆಯುವ ಪಾಠ ಮಾಡುತ್ತಾರೆ. ತಾನು ಮಾತ್ರ ಕೆಲಸಕ್ಕೆ ಬರುವುದಿಲ್ಲ, ಪೊಲೀಸರ ಕಣ್ಣು ತನ್ನ ಮೇಲಿದೆ. ಉಪಕರಣ ಬೇಕಾದರೆ ಬಾಡಿಗೆಗೆ ಸಿಗುತ್ತದೆ. ಮೇಷ್ಟರ ಗತ್ತು, ಗುತ್ತಿಗೆದಾರನ ಲೆಕ್ಕ, ಮಧ್ಯೆ ಮಧ್ಯೆ ಪೊಲೀಸ್ ಬಂದರೆ ಸಾಧು ಮುಖ. ಇಡೀ ಸಿನಿಮಾದಲ್ಲಿ ನಷ್ಟವಿಲ್ಲದ ವ್ಯವಹಾರ ಮಾಡಿದವನು ಇವನೊಬ್ಬನೇ ನೋಡಿ.

ಪೆಪ್ಪೆಯ ಪಾತ್ರದಲ್ಲಿ ವಿತ್ತೋರಿಯೊ ಗಾಸ್ಮನ್. ರಂಗಭೂಮಿಯ ಗಂಭೀರ ನಟ, ತೆರೆಯ ಮೇಲೆ ಖಳನಾಗಿ ಹೆಸರು ಮಾಡಿದ್ದವರು. ಇವರಿಂದ ಹಾಸ್ಯ ಆಗುತ್ತದೆ ಎಂದು ನಿರ್ಮಾಪಕರಿಗೆ ನಂಬಿಕೆ ಇರಲಿಲ್ಲ. ಮೋನಿಚೆಲ್ಲಿ ಹಟ ಹಿಡಿದರು. ಮೂಗಿನ ಆಕಾರ ಬದಲಿಸಿ, ಕೂದಲನ್ನು ಹಣೆಯ ಮೇಲೆ ಇಳಿಸಿ, ಮಾತಿಗೆ ತೊದಲು ಸೇರಿಸಿ ಬೇರೆಯೇ ಮನುಷ್ಯನನ್ನು ಮಾಡಿದರು. ಈ ಕೆಲಸ ವೈಜ್ಞಾನಿಕವಾಗಿ ಆಗಬೇಕು ಎಂದು ಪೆಪ್ಪೆ ತೊದಲುತ್ತಾ ಹೇಳುವಾಗಲೆಲ್ಲ ನಗು ಬರುತ್ತದೆ. ತಿಬೇರಿಯೊ ಆಗಿ ಮಾರ್ಚೆಲ್ಲೊ ಮಾಸ್ತ್ರೊಯಾನಿ. ಜಗತ್ತಿನ ಸುಂದರ ಪುರುಷ ಅನ್ನಿಸಿಕೊಳ್ಳುವ ಮೊದಲಿನ ಮಾಸ್ತ್ರೊಯಾನಿ. ದರೋಡೆಯ ರಾತ್ರಿ ಕೂಸನ್ನು ನೋಡಿಕೊಳ್ಳಲು ಯಾರೂ ಇಲ್ಲವೆಂದು ಅವನು ಅದನ್ನು ಜೈಲಿಗೆ ಒಯ್ದು ಹೆಂಡತಿಯ ಕೈಗೆ ಕೊಡುತ್ತಾನೆ. ಈ ಪಾತ್ರವನ್ನು ಇನ್ನಷ್ಟು ಅತ್ತು ಕರೆದು ಮಾಡಬಹುದಿತ್ತು. ಅವರು ಮಾಡಿಲ್ಲ, ಸುಮ್ನೆ ಸುಸ್ತಾದ ಅಪ್ಪನಂತೆ ಓಡಾಡಿಕೊಂಡಿದ್ದಾರೆ.

ಇನ್ನು ಕಪನ್ನೆಲ್ಲೆ. ಹಲ್ಲು ಬಿದ್ದ ಮುದುಕ, ಯಾವಾಗಲೂ ಬಾಯಲ್ಲಿ ಏನಾದರೂ ತಿನ್ನುತ್ತಿರುತ್ತಾನೆ. ಇವನಿಗೆ ತಿಜೋರಿಯ ಚಿಂತೆಯೇ ಇಲ್ಲ ಎಂದು ನನ್ನ ಅನುಮಾನ. ಆಡಿದ ಕಾರ್ಲೊ ಪಿಸಕಾನೆ ನೇಪಲ್ಸ್‌ನವರು, ಪಾತ್ರದ ಮಾತು ಬೊಲೋನ್ಯಾದ್ದು. ಸಿಸಿಲಿಯವನಾಗಿ ಬರುವ ತಿಬೇರಿಯೊ ಮುರ್ಜಾ ನಿಜದಲ್ಲಿ ಸಾರ್ಡಿನಿಯಾದವರು, ರೋಮ್‌ನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವರು. ಇಟಲಿಯ ಬೇರೆ ಬೇರೆ ಕಡೆಯಿಂದ ಹೊಟ್ಟೆಪಾಡಿಗೆ ರೋಮ್ ಸೇರಿದ ಜನ ಇವರು. ನಮ್ಮ ಬೆಂಗಳೂರಿನ ಯಾವುದಾದರೂ ಕಟ್ಟಡ ಕೆಲಸದ ಜಾಗದಲ್ಲಿ ನಿಂತರೆ ಬೀದರಿನ ಮಾತು, ರಾಯಚೂರಿನ ಮಾತು, ಒಡಿಯಾ ಎಲ್ಲ ಕೇಳುತ್ತವಲ್ಲ, ಹಾಗೆ. ಇಂಗ್ಲಿಷ್ ಸಬ್‌ಟೈಟಲ್ಲಿನಲ್ಲಿ ಈ ವ್ಯತ್ಯಾಸ ಪೂರ್ತಿ ಕಾಣೆಯಾಗುತ್ತದೆ. ಎಲ್ಲರೂ ಒಂದೇ ಇಂಗ್ಲಿಷ್ ಮಾತಾಡುತ್ತಾರೆ. ಇದು ಸಿನಿಮಾದ ತಪ್ಪಲ್ಲ, ಆದರೂ ನಷ್ಟ ನಮ್ಮದೇ.

ಕನ್ನದ ರಾತ್ರಿಯ ವಿಷಯಕ್ಕೆ ಬರುತ್ತೇನೆ. 1955ರ ಫ್ರೆಂಚ್ ಸಿನಿಮಾ 'ರಿಫಿಫಿ'ಯಲ್ಲಿ ಸುಮಾರು ಅರ್ಧ ಗಂಟೆ ಒಂದು ಮಾತೂ ಇಲ್ಲದೆ ಕಳ್ಳತನ ನಡೆಯುತ್ತದೆ. ಮೋನಿಚೆಲ್ಲಿ ಅದನ್ನೇ ಅಣಕಿಸಿದ್ದಾರೆ. ಇಲ್ಲಿ ಸದ್ದಿಲ್ಲದೆ ಆಗುವ ಒಂದು ಕೆಲಸವೂ ಇಲ್ಲ. ಮುಂದಿನದು ಗೊತ್ತಾಗುವುದು ಬೇಡ ಅನ್ನುವವರು ಈ ಪ್ಯಾರಾ ಬಿಡಿ. ಕಷ್ಟಪಟ್ಟು ಗೋಡೆ ಒಡೆಯುತ್ತಾರೆ. ತೂತಿನ ಆಚೆ ತಿಜೋರಿ ಇಲ್ಲ, ಅದೇ ಮನೆಯ ಅಡುಗೆಮನೆ ಇದೆ. ಖಾಲಿ ಅಂದುಕೊಂಡಿದ್ದ ಆ ಮನೆಯಲ್ಲಿ ಈಗ ಇದ್ದ ಮುದುಕಿಯರು ಕೋಣೆಗಳ ಸಾಮಾನು ಅದಲು ಬದಲು ಮಾಡಿದ್ದರು, ಇವರು ಊಟದ ಮೇಜು ನೋಡಿ ಗೋಡೆ ಗುರುತಿಸಿದ್ದರು. ಬೇರೆ ಗೋಡೆ ಒಡೆಯಲು ಹೊತ್ತಿಲ್ಲ. ಸರಿ, ಕೂತು ಅಲ್ಲಿದ್ದ ಪಾಸ್ತಾ ಮತ್ತು ಕಡಲೆಕಾಳು ತಿನ್ನುತ್ತಾರೆ. ಆ ಊಟದ ದೃಶ್ಯ ನನಗೆ ತುಂಬ ಹಿಡಿಸಿತು. ಯಾರೂ ಜಗಳ ಆಡುವುದಿಲ್ಲ. ಬಹಳ ದಿನದ ಮೇಲೆ ಎಲ್ಲರೂ ಒಟ್ಟಿಗೆ ಬಿಸಿ ಊಟಕ್ಕೆ ಕೂತಂತಿದೆ. ಮರುದಿನದ ಪೇಪರಿನಲ್ಲಿ ಬರುವ ಸುದ್ದಿಯೂ ಅದೇ, ಗೋಡೆಗೆ ಕನ್ನ ಹಾಕಿ ಪಾಸ್ತಾ ಕದ್ದವರ ಬಗ್ಗೆ. ಆದರೆ ನಿಜವಾದ ಏಟು ಅದಕ್ಕಿಂತ ಕೊನೆಯದು. ಪೊಲೀಸರ ಕಣ್ಣು ತಪ್ಪಿಸಲು ಪೆಪ್ಪೆ ಕೂಲಿಯವರ ಸಾಲಿಗೆ ನುಗ್ಗುತ್ತಾನೆ. ಗೇಟು ಮುಚ್ಚುತ್ತದೆ, ಅವನಿಗೆ ಕೆಲಸ ಸಿಕ್ಕೇ ಬಿಡುತ್ತದೆ! ಒಳಗೆ ದುಡಿಸುತ್ತಾರೋ ಎಂದು ಕಪನ್ನೆಲ್ಲೆ ಹೊರಗಿನಿಂದ ಗಾಬರಿಯಾಗಿ ಕೂಗುತ್ತಾನೆ.

ಹಾಸ್ಯದ ಮಧ್ಯೆ ಒಂದು ಸಾವೂ ಇದೆ. ಯಾರದು ಎಂದು ಬಿಡಿ. ಅದು ಬಂದ ರೀತಿ ನನಗೆ ಸ್ವಲ್ಪ ಆಘಾತವೇ ಆಯಿತು. ಸಿನಿಮಾ ಅದರ ಮೇಲೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಬಡವರ ಮನೆಯ ಸಾವಿನ ಮೇಲೆ ಯಾರು ನಿಲ್ಲುತ್ತಾರೆ?

ಹಿಡಿಸದ್ದೂ ಇದೆ. ಸಿಸಿಲಿಯ ಅಣ್ಣ ತಂಗಿ ಕಾರ್ಮೆಲೀನಾಳನ್ನು ಮನೆಯಲ್ಲಿ ಕೂಡಿಹಾಕುವುದನ್ನು ಪದೇ ಪದೇ ನಗೆಗೆ ಬಳಸಿದ್ದಾರೆ. ಮೊದಲ ಸಲ ನಗು ಬರುತ್ತದೆ, ಆಮೇಲೆ ಇಲ್ಲ. ಆ ಹುಡುಗಿಯ ಪಾತ್ರ ಮಾಡಿದವರು ಕ್ಲೌಡಿಯಾ ಕಾರ್ಡಿನಾಲೆ, ಟುನೀಶಿಯಾದಲ್ಲಿ ಬೆಳೆದವರು, ಆಗ ಇಟಾಲಿಯನ್ ಸರಿಯಾಗಿ ಬಾರದ ಕಾರಣ ಬೇರೆಯವರ ದನಿ ಕೊಡಿಸಿದರು. ಕಿಟಕಿಯಲ್ಲಿ ಇಣುಕುವುದು ಬಿಟ್ಟರೆ ಅವರಿಗೆ ಕೆಲಸವೇ ಕಡಿಮೆ. ಗಿರವಿ ಕಚೇರಿಯ ಪಕ್ಕದ ಆ ಮನೆಯ ಕೆಲಸದ ಹುಡುಗಿಯನ್ನು ಪೆಪ್ಪೆ ಓಲೈಸುವ ಭಾಗ ಎಳೆದಂತಾಗಿದೆ.

ಅಮೆರಿಕದವರು ಇದನ್ನು ಕನಿಷ್ಠ ಎರಡು ಸಲ ಮತ್ತೆ ಮಾಡಿದ್ದಾರೆ, 1984ರಲ್ಲಿ 'ಕ್ರ್ಯಾಕರ್ಸ್', 2002ರಲ್ಲಿ 'ವೆಲ್‌ಕಮ್ ಟು ಕಾಲಿನ್‌ವುಡ್'. ಅವುಗಳಿಗೆ ಹೋಗಬೇಡಿ, ನೇರ ಮೂಲಕ್ಕೇ ಹೋಗಿ. ಹಳೆಯ ಸಿನಿಮಾಗಳನ್ನು ಹೊರತರುವ ಕ್ರೈಟೀರಿಯನ್ ಕಂಪನಿಯ ಡಿವಿಡಿಯಲ್ಲಿ ಇದೆ. ಕಪ್ಪು ಬಿಳುಪು ಅಂತ ಹೆದರಬೇಡಿ. ಜಾನಿ ದಿ ವೆನಾಂಜೊ ಅವರ ಛಾಯಾಗ್ರಹಣದಲ್ಲಿ ರೋಮ್ ಪ್ರವಾಸಿ ಪೋಸ್ಟರಿನಂತೆ ಇಲ್ಲ, ಒದ್ದೆ ಗಲ್ಲಿಗಳ, ಖಾಲಿ ಬಯಲುಗಳ ಊರು. ಹಿಂದೆ ಪಿಯೆರೊ ಉಮಿಲಿಯಾನಿಯವರ ಜಾಝ್ ಸಂಗೀತ, ಕಳ್ಳರಿಗಿಂತ ಅದಕ್ಕೇ ಧೈರ್ಯ ಜಾಸ್ತಿ.

ಸಬ್‌ಟೈಟಲ್ ಬೇಗ ಬೇಗ ಓಡುತ್ತದೆ. ನಮ್ಮ ಮನೆಯವಳಿಗಾಗಿ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ, "ನೀವು ಸುಮ್ನಿರಿ, ಅವರ ಮುಖ ನೋಡಿದ್ರೆ ಎಲ್ಲ ಗೊತ್ತಾಗುತ್ತೆ" ಅಂದಳು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಾರ್ಮೆಲೀನಾಳ ಲೆಕ್ಕಕ್ಕೆ ಅರ್ಧ ಕಡಿತ.