ಅಪ್ಪನ ಬ್ಯಾಂಡ್ ಸಾಗೆ ಡ್ರೈವ್ ಹಾಕಿಸಿದೆ: ಆರು ತಿಂಗಳ ಮೇಲೆ

ಕ್ಯಾತ್ಸಂದ್ರದಲ್ಲಿ ನಮ್ಮದೊಂದು ಸಣ್ಣ ಮರಗೆಲಸದ ಶೆಡ್. ದೇವರ ಮಂಟಪ, ತೊಟ್ಟಿಲು, ಮಣೆ ಮಾಡುತ್ತೇವೆ. 14 ಇಂಚು ಚಕ್ರದ ಬ್ಯಾಂಡ್ ಸಾ, ಅಂದರೆ ಪಟ್ಟಿಯಂಥ ಬ್ಲೇಡ್ ಚಕ್ರಗಳ ಮೇಲೆ ಸುತ್ತುವ ಗರಗಸ, ಅಪ್ಪನ ಕಾಲದ್ದು. ಅದಕ್ಕಿದ್ದದ್ದು ಒಂದೇ ಸ್ಪೀಡ್. ಹಲಸಿನ ಹಲಗೆಯನ್ನು ನೇರ ಸೀಳಲು ಅದು ಚೆನ್ನಾಗಿತ್ತು. ಮಂಟಪದ ಕಮಾನು ತಿರುಗಿಸುವಾಗ ಮಾತ್ರ ಮರ ಸುಟ್ಟು ಕಪ್ಪಾಗುತ್ತಿತ್ತು, ಹಸಿ ಮರವಾದರೆ ಮೇಣ ಬೇರೆ ಬ್ಲೇಡಿಗೆ ಮೆತ್ತಿಕೊಳ್ಳುತ್ತಿತ್ತು. "ನಮ್ಮ ಮಿಕ್ಸಿಗೇ ಮೂರು ಸ್ಪೀಡಿದೆ, ಇಷ್ಟು ದೊಡ್ಡ ಮೆಷಿನ್‌ಗೆ ಒಂದೇನಾ?" ಅಂತ ಮನೆಯವಳು ನಕ್ಕಳು. ಅಲ್ಲಿಂದ ಶುರುವಾಯಿತು ನೋಡಿ.

ಡ್ರೈವ್ ಅಂದರೆ ಮೋಟರಿಗೆ ಹೋಗುವ ಕರೆಂಟಿನ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಆವರ್ತನೆ ಅನ್ನುವುದು) ಬದಲಿಸಿ ಸ್ಪೀಡ್ ಏರಿಳಿಸುವ ಪೆಟ್ಟಿಗೆ. ಹಳೇ ಸಿಂಗಲ್ ಫೇಸ್ ಮೋಟರಿಗೆ ಅದನ್ನು ಹಾಕಲು ಆಗುವುದಿಲ್ಲ. ಆ ಮೋಟರ್ ಕೆಪಾಸಿಟರ್ ಸ್ಟಾರ್ಟಿನದು. ಸ್ಪೀಡ್ ಇಳಿಸಿದರೆ ಒಳಗಿನ ಸ್ವಿಚ್ ಮತ್ತೆ ಕೂಡಿಕೊಂಡು ಸ್ಟಾರ್ಟಿಂಗ್ ವೈಂಡಿಂಗ್ ಸುಡುತ್ತದೆ. ಹಾಗಾಗಿ 1 ಎಚ್‌ಪಿಯ ತ್ರೀ ಫೇಸ್ ಮೋಟರ್ ಒಂದನ್ನು ಸೆಕೆಂಡ್ ಹ್ಯಾಂಡ್ ತಂದೆ. ಡ್ರೈವ್ ತಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ. ಮನೆಯ 230 ವೋಲ್ಟ್ ಸಿಂಗಲ್ ಫೇಸ್ ಒಳಗೆ ಹೋಗುತ್ತದೆ, 230 ವೋಲ್ಟ್ ತ್ರೀ ಫೇಸ್ ಹೊರಗೆ ಬರುತ್ತದೆ. ತ್ರೀ ಫೇಸ್ ಕನೆಕ್ಷನ್ನಿಗೆ ಬೆಸ್ಕಾಂಗೆ ಅರ್ಜಿ ಹಾಕುವ ತಾಪತ್ರಯ ತಪ್ಪಿತು.

ಎಡವಿದ್ದು ಮೋಟರಿನಲ್ಲಿ. ಅದರ ಪ್ಲೇಟಿನಲ್ಲಿ 415 ವೋಲ್ಟ್, ಸ್ಟಾರ್, 1.9 ಆಂಪಿಯರ್ ಅಂತ ಇತ್ತು. ಸ್ಟಾರ್, ಡೆಲ್ಟಾ ಅಂದರೆ ಮೋಟರಿನ ವೈಂಡಿಂಗ್ ಜೋಡಿಸುವ ಎರಡು ಬಗೆ. ಈ ಡ್ರೈವಿನ 230 ವೋಲ್ಟಿಗೆ ಅದನ್ನು ಡೆಲ್ಟಾ ಮಾಡಬೇಕು, ಅದಕ್ಕೆ ಆರು ವೈರ್ ಹೊರಗೆ ಬಂದಿರಬೇಕು. "ಎಲ್ಲಾ ಬರುತ್ತೆ ಸಾರ್" ಅಂದಿದ್ದ ಮೋಟರ್ ಮಾರಿದವನು. ಮನೆಗೆ ತಂದು ಡಬ್ಬಿ ಬಿಚ್ಚಿದರೆ ಮೂರೇ ವೈರ್. ಸ್ಟಾರ್ ಗಂಟನ್ನು ವೈಂಡಿಂಗ್ ಒಳಗೇ ಕಟ್ಟಿಬಿಟ್ಟಿದ್ದರು! ಫೋನ್ ಮಾಡಿದೆ, ಎತ್ತಲೇ ಇಲ್ಲ. ಕೊನೆಗೆ ಇಲ್ಲೇ ಒಬ್ಬ ವೈಂಡಿಂಗ್ ಯಜಮಾನರ ಹತ್ತಿರ ಒಯ್ದೆ. ವಾರ್ನಿಷ್ ಹಿಡಿದ ಗಂಟನ್ನು ಮೆಲ್ಲಗೆ ಬಿಡಿಸಿ ಆರು ವೈರ್ ಎಳೆದು ಕೊಟ್ಟರು. "ಡೆಲ್ಟಾ ಮಾಡಿದ್ಮೇಲೆ 3.3 ಆಂಪಿಯರ್ ಅಂತ ಸೆಟ್ ಮಾಡ್ಕೊಳಣ್ಣ, ಪ್ಲೇಟಿಂದ ಓದ್ಬೇಡ" ಅಂತ ಹೇಳಿಯೂ ಕಳಿಸಿದರು. ನೀವು ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲೇ ಡಬ್ಬಿ ಬಿಚ್ಚಿಸಿ ವೈರ್ ಎಣಿಸಿ. ಡ್ರೈವಿಗೆ ಐದಕ್ಕೆ ನಾಲ್ಕು ಅಂಕ, ಮೋಟರ್ ಅಂಗಡಿಗೆ ಒಂದು.

ಈಗ ಕೆಲಸದ ವಿಷಯ. 50 ಹರ್ಟ್ಸಿನಲ್ಲಿ ಮೋಟರ್ 1440 ಸುತ್ತು, ಪುಲ್ಲಿಯಲ್ಲಿ ಅರ್ಧವಾಗಿ ಬ್ಲೇಡ್ ನಿಮಿಷಕ್ಕೆ ಸುಮಾರು 800 ಮೀಟರ್ ಓಡುತ್ತದೆ. ಕಮಾನು ಕೊಯ್ಯುವಾಗ 30ಕ್ಕೆ ಇಳಿಸುತ್ತೇನೆ. ಸುಟ್ಟ ಗುರುತಿಲ್ಲ, ಉಪ್ಪುಕಾಗದದ ಕೆಲಸ ಅರ್ಧಕ್ಕೆ ಇಳಿದಿದೆ. ಅಲ್ಯೂಮಿನಿಯಂ ಪಟ್ಟಿ ಬಂದರೆ ಬ್ಲೇಡ್ ಬದಲಿಸಿ 20ಕ್ಕೆ. ಸ್ಟಾರ್ಟ್ ಆಗುವಾಗ ಧಡಕ್ ಅನ್ನುವುದಿಲ್ಲ, ಬಲ್ಬ್ ಮಂಕಾಗುವುದಿಲ್ಲ.

ಆದರೆ ಇದರಲ್ಲಿ ಕಬ್ಬಿಣ ಕೊಯ್ಯುತ್ತೇನೆ ಅಂದುಕೊಂಡರೆ ಮರೆತುಬಿಡಿ. ಕಬ್ಬಿಣಕ್ಕೆ ಬ್ಲೇಡ್ ನಿಮಿಷಕ್ಕೆ 60 ಮೀಟರಿನ ಆಸುಪಾಸು ಓಡಬೇಕು. 10 ಹರ್ಟ್ಸಿಗೆ ಇಳಿಸಿದರೂ ಇಲ್ಲಿ 160 ಇರುತ್ತದೆ. ಅದಕ್ಕಿಂತ ಇಳಿಸಿದರೆ ಮೋಟರಿನ ಫ್ಯಾನೂ ನಿಧಾನವಾಗಿ ಮೈ ಕಾಯುತ್ತದೆ. ಇನ್ನೊಂದು ವಿಷಯ, ಸ್ಪೀಡ್ ಅರ್ಧ ಮಾಡಿದರೆ ಎಚ್‌ಪಿಯೂ ಅರ್ಧ. ಡ್ರೈವ್ ಏನೂ ಮಾಯೆ ಮಾಡುವುದಿಲ್ಲ. ಕಬ್ಬಿಣವೇ ಬೇಕಿದ್ದರೆ ಪುಲ್ಲಿಯಲ್ಲೇ ಸ್ಪೀಡ್ ಇಳಿಸಬೇಕು, ಆಗ ಎಳೆಯುವ ಶಕ್ತಿ ಜಾಸ್ತಿಯಾಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ ಅನ್ನಿ.

ಒಂದು ದಿನ ಹೆದರಿಕೆಯೂ ಆಯಿತು. ಕೊಯ್ಯುತ್ತಿದ್ದಾಗ ಕರೆಂಟ್ ಹೋಯಿತು, ಸ್ವಿಚ್ ಆಫ್ ಮಾಡದೆ ಟೀ ಕುಡಿಯಲು ಹೋದೆ. ಬಂದು ಬ್ಲೇಡಿನ ಪಕ್ಕದ ಪುಡಿ ಒರೆಸುವ ಹೊತ್ತಿಗೆ ಕರೆಂಟ್ ಬಂದು ಗರಗಸ ತಾನಾಗಿಯೇ ತಿರುಗಿತು. ಬೆರಳು ಉಳಿದದ್ದು ಪುಣ್ಯ. ಈಗ ಹಸಿರು, ಕೆಂಪು ಗುಂಡಿ ಹಾಕಿಸಿದ್ದೇನೆ. ಹಸಿರು ಒತ್ತದೆ ಅದು ಓಡುವುದಿಲ್ಲ. ಡ್ರೈವಿಗೂ ಮೋಟರಿಗೂ ನಡುವೆ ಸ್ವಿಚ್ ಇಡಬೇಡಿ, ಓಡುವಾಗ ಅದನ್ನು ಆಫ್ ಆನ್ ಮಾಡಿದರೆ ಡ್ರೈವ್ ಕೆಟ್ಟುಹೋಗಬಹುದು.

ಮರದ ಪುಡಿ ಡ್ರೈವಿನ ಫ್ಯಾನಿಗೆ ಹೋಗದಂತೆ ಅದನ್ನು ಗೋಡೆಯ ಆಚೆ ಬದಿಗೆ ಸಿಕ್ಕಿಸಿ, ತಿರುಗಿಸುವ ನಾಬ್ ಮಾತ್ರ ಈಚೆ ಕೈಗೆ ಸಿಗುವಂತೆ ಎಳೆದಿದ್ದೇನೆ. ಸಣ್ಣಗೆ ಕೀಂಯ್ ಅನ್ನುತ್ತದೆ, ಅದು ಅಭ್ಯಾಸವಾಯಿತು. ಒಂದು ಅಂಕ ಕಳೆದದ್ದು ಬೇರೆ ಕಾರಣಕ್ಕೆ. ಶೆಡ್ಡಿನಲ್ಲಿ ಅಪ್ಪನ ಹಳೇ ರೇಡಿಯೋ ಇದೆ, ಮೀಡಿಯಂ ವೇವ್ 612ರಲ್ಲಿ ಬೆಂಗಳೂರು ಆಕಾಶವಾಣಿ ಹಾಕಿರುತ್ತಾರೆ. ಡ್ರೈವ್ ಆನ್ ಆದ ಕೂಡಲೇ ಅದರಲ್ಲಿ ಬರೀ ಗೊರಗೊರ. ಅಪ್ಪ ಏನೂ ಅನ್ನುವುದಿಲ್ಲ, ಸುಮ್ನೆ ನನ್ನ ಕಡೆ ನೋಡುತ್ತಾರೆ. ವಾರ್ತೆಯ ಹೊತ್ತಿಗೆ ನಾನೇ ಕೆಂಪು ಗುಂಡಿ ಒತ್ತುತ್ತೇನೆ.